ಬಸುರಿ ಹೆಂಗಸರು ಫೋನಲ್ಲಿ ಏನು ಹುಡುಕ್ತಾರೆ, ಯಾರ ಮಾತು ನಂಬ್ತಾರೆ? ಜೋಯಿಡಾ ಕಡೆಯಿಂದ ಒಂದು ಪ್ರಶ್ನೆ

ಕಾಳಿ_ಕಣಿವೆ
ಎಲ್ಲರಿಗೂ ನಮಸ್ಕಾರ. ನಮ್ಮದು ಉತ್ತರ ಕನ್ನಡ ಜಿಲ್ಲೆ ಜೋಯಿಡಾ ತಾಲೂಕಿನ ಒಳಗಿನ ಒಂದು ಕುಣಬಿ ಜನರ ಹಳ್ಳಿ. ನಾನು ನೌಕರಿಗೆ ದಾಂಡೇಲಿಯಲ್ಲಿರೋದು. ತಮ್ಮನ ಹೆಂಡತಿಗೆ ಈಗ ಆರು ತಿಂಗಳು, ಚೊಚ್ಚಲು. ಮೊನ್ನೆ ಊರಿಗೆ ಹೋದಾಗ ನೋಡಿದ್ರೆ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಕೆಂಪು ಗುಳಿಗೆಗಳು ಅಕ್ಕಿ ಡಬ್ಬಿಯ ಹಿಂದೆ ಅರ್ಧಕ್ಕೇ ಬಿಟ್ಟು ಬಿದ್ದಿವೆ. ಯಾಕೆ ಅಂತ ಕೇಳಿದ್ರೆ, "ಅಕ್ಕಾ, ಅದು ತಿಂದ್ರೆ ಮಗು ಕಪ್ಪಾಗ್ತದಂತೆ, ವಿಡಿಯೋದಲ್ಲಿ ಹೇಳಿದ್ರು" ಅಂದಳು.

ನಮ್ಮೂರಲ್ಲಿ ಶಾಲೆ ಹಿಂದಿನ ದಿಬ್ಬದ ಮೇಲೆ ಮಾತ್ರ ನೆಟ್‌ವರ್ಕ್ ಸಿಗೋದು. ಸಂಜೆ ಸೊಸೆಯಂದಿರೆಲ್ಲ ಒಂದೇ ಫೋನ್ ಹಿಡ್ಕೊಂಡು ಅಲ್ಲಿ ಕೂತಿರ್ತಾರೆ. ವಿಡಿಯೋ ಇಳಿಸ್ಕೊಂಡು ಬಂದು ರಾತ್ರಿ ನೋಡ್ತಾರೆ. ನಮ್ಮಮ್ಮನ ಹತ್ರ ಕೇಳೋಕೆ ಅವಳಿಗೆ ನಾಚಿಕೆ. ಅಮ್ಮನೂ ಕಮ್ಮಿ ಇಲ್ಲ, ಕೇಳಿದ್ರೆ "ನಾನೇನು ನಾಲ್ಕು ಹೆತ್ತಿಲ್ಲವಾ" ಅಂತ ಶುರು. ಆಶಾ ಬರೋದು ತನ್ನ ಸರದಿ ಬಂದಾಗ. ಹಾಗಾಗಿ ಫೋನೇ ಗತಿ.

ಫೋನ್ ಕಿತ್ಕೊಳ್ಳಿ ಅಂತ ಹೇಳಬೇಡಿ, ಅದು ನನಗೆ ಸರಿ ಕಾಣೋದಿಲ್ಲ. ನಿಮ್ಮ ಕಡೆ ಬಸುರಿಯರು ಏನೇನು ಹುಡುಕ್ತಾರೆ, ಕನ್ನಡದಲ್ಲೋ ಕೊಂಕಣಿಯಲ್ಲೋ ನಂಬೋ ಹಾಗಿರೋದು ಏನಾದ್ರೂ ಇದೆಯಾ, ಅವಳಿಗೆ ಬೇಜಾರಾಗದ ಹಾಗೆ ಹೇಳೋದು ಹೇಗೆ, ಇಷ್ಟು ಬೇಕಿತ್ತು.

ಬಂಗಡೆ_ಬಾಬು
ಕಾರವಾರದಿಂದ ಹಾಜರಿ. ನನ್ನ ಹೆಂಡ್ತಿ ಬಸುರಿ ಇದ್ದಾಗ ಹುಡುಕಿದ್ದು ಒಂದೇ: "ಗಂಡನ ಗೊರಕೆಯಿಂದ ಮಗುವಿಗೆ ತೊಂದರೆಯೇ?" ಉತ್ತರ ಸಿಗ್ಲಿಲ್ಲ, ನಾನು ಹೊರಗೆ ಮಲಗಿದೆ.

ಸಬ್‌ಸೆಂಟರ್_ಸಿಸ್ಟರ್
ಬಾಬು, ಸ್ವಲ್ಪ ಸುಮ್ನಿರು.

ತಂಗೀ, ನಾನು ಅಂಕೋಲಾ ತಾಲೂಕಲ್ಲಿ ನರ್ಸ್ ಆಗಿ ನಿವೃತ್ತಿ ಆದವಳು. ಕಪ್ಪು ಮಗುವಿನ ಕಥೆ ಫೋನಿಗಿಂತ ಹಳೇದು. ಕಬ್ಬಿಣದ ಗುಳಿಗೆ ತಿಂದ್ರೆ ಮಲ ಕಪ್ಪಾಗ್ತದೆ, ಮೈಗೆ ಹಿಡಿಯದೆ ಉಳಿದ ಕಬ್ಬಿಣ ಹೊರಗೆ ಹೋಗೋದು ಅದು. ಅದನ್ನ ನೋಡಿ ಹೆದರಿ ಒಳಗಿನ ಮಗುವೂ ಕಪ್ಪಾಗ್ತದೆ ಅಂತ ಯಾವುದೋ ಕಾಲದಲ್ಲಿ ಯಾರೋ ಹೇಳಿರ್ಬೇಕು. ಮೊದಲು ಅದನ್ನ ಬಾವಿಕಟ್ಟೆಯಲ್ಲಿ ಹೇಳ್ತಿದ್ರು, ಈಗ ಹಿಂದೆ ಸಂಗೀತ ಹಾಕಿ ಹೇಳ್ತಾರೆ, ಅಷ್ಟೇ.

ಅವಳು ಬಿಟ್ಟಿದ್ದು ಬಣ್ಣದ ಹೆದರಿಕೆಗೆ ಮಾತ್ರ ಅಂತ ತಿಳೀಬೇಡ. ವಾಕರಿಕೆ, ಹೊಟ್ಟೆ ಕಟ್ಟೋದು ಇದ್ದಿರ್ತದೆ. ಅದನ್ನ ಹೇಳ್ಕೊಳ್ಳೋದಕ್ಕಿಂತ ವಿಡಿಯೋ ಹೆಸರು ಹೇಳೋದು ಸುಲಭ. ಹೋಗಿ ಅದನ್ನೇ ಕೇಳು.

ಕಾಳಿ_ಕಣಿವೆ
ಸಿಸ್ಟರ್, ಈಗ ನೀವು ಹೇಳಿದ ಮೇಲೆ ಹೊಳೀತಾ ಇದೆ. ಸಂಡಾಸದ ವಿಷಯ ಒಂದ್ಸಲ ಅರ್ಧ ಹೇಳಿ ನಿಲ್ಲಿಸಿದ್ದಳು.

ಹೆಗಡೆ_ಮನೆ_ಮಾಣಿ
ಶಿರಸಿಯವನು, ಈಗ ಬೆಂಗಳೂರು. ಇಷ್ಟಕ್ಕೆಲ್ಲ ವಿಡಿಯೋ ಯಾಕೆ ಬೇಕು ಹೇಳಿ? ಈಗ ಎಐ ಕನ್ನಡದಲ್ಲೇ ಉತ್ತರ ಕೊಡ್ತದೆ. ಪ್ರಶ್ನೆ ಮಾತಾಡಿದ್ರೆ ಸಾಕು, ಟೈಪ್ ಕೂಡ ಮಾಡೋದು ಬೇಡ. ಕಬ್ಬಿಣದ ಗುಳಿಗೆ ಬಗ್ಗೆ ನಾನೀಗ ಕೇಳಿ ನೋಡಿದೆ, ಸಿಸ್ಟರ್ ಹೇಳಿದ್ದನ್ನೇ ಹೇಳ್ತು. ಹಳ್ಳಿ ಹೆಂಗಸರಿಗೆ ಇದನ್ನ ಕಲಿಸಿಕೊಟ್ರೆ ಅರ್ಧ ಸಮಸ್ಯೆ ಮುಗೀತು.

ಅಂಕೋಲಾ_ಗೌಡ್ತಿ
ಮಾಣಿಯವ್ರೆ, ಯಾವ ನೆಟ್‌ವರ್ಕಲ್ಲಿ? ಅವರು ದಿಬ್ಬ ಹತ್ತಿ ವಿಡಿಯೋ ಇಳಿಸ್ಕೊಂಡು ಬರ್ತಾರೆ ಅಂತ ಮೇಲೇ ಬರ್ದಿದಾರೆ.

ನಾವು ಹಾಲಕ್ಕಿಯವರು. ನಮ್ಮ ಅಕ್ಕ ಫೋನಿಗೆ ಮಾತಾಡಿ ಹುಡುಕೋಕೆ ಹೋದ್ರೆ ಅದು ಬರೆಯೋದೇ ಬೇರೆ. ಮನೇಲಿ ಆಡೋ ಮಾತು ಅದಕ್ಕೆ ತಿಳಿಯೋದಿಲ್ಲ. ಟಿವಿಯಲ್ಲಿ ವಾರ್ತೆ ಓದೋರ ಹಾಗೆ ಮಾತಾಡ್ಬೇಕು. ಅಕ್ಕ ಹಾಗೆ ಮಾತಾಡೋಕೆ ಹೋದ್ರೆ ಮನೆಯವರೆಲ್ಲ ನಗ್ತಾರೆ, ಅವಳು ಫೋನ್ ಇಟ್ಟುಬಿಡ್ತಾಳೆ. ಆಮೇಲೆ ಹುಡುಕಿಕೊಡೋದು ಒಂಬತ್ತನೇ ಕ್ಲಾಸಿನ ನನ್ನ ತಮ್ಮ. ಅವನ ಹತ್ರ ಹೊಟ್ಟೆ ನೋವು, ಕಾಲು ನೋವು ಹೇಳಬಹುದು. ಬಿಳಿ ಹೋಗ್ತದೆ, ಉರಿ ಮೂತ್ರ ಇದೆ ಅಂತ ಹೇಳೋಕಾಗ್ತದಾ?

ಹೆಗಡೆ_ಮನೆ_ಮಾಣಿ
ನೆಟ್‌ವರ್ಕ್ ವಿಷಯ ಒಪ್ಪಿದೆ. ಆದರೆ ತಪ್ಪು ಹೇಳೋ ವಿಡಿಯೋಕ್ಕಿಂತ ಸರಿ ಹೇಳೋ ಮಷೀನ್ ವಾಸಿ ಅಲ್ದಾ?

ಸಬ್‌ಸೆಂಟರ್_ಸಿಸ್ಟರ್
ಸರಿನೇ ಹೇಳಲಿ ಮಾರಾಯ. ಫೋನಿಂದ ತೋಳಿಗೆ ಬಿಪಿ ಪಟ್ಟಿ ಕಟ್ಟೋಕೆ ಬರ್ತದಾ? ಕಣ್ಣಿನ ರೆಪ್ಪೆ ಎಳೆದು ಬಿಳಿಚಿದೆಯಾ ಅಂತ ನೋಡ್ತದಾ?

ನನ್ನ ಕೆಲಸದ ಕಾಲದ್ದು ಒಂದು ಹೇಳ್ತೇನೆ. ಎಂಟು ತಿಂಗಳ ಬಸುರಿ, ಕಾಲು ಊದಿತ್ತು. ಕಡೇ ತಿಂಗಳಲ್ಲಿ ಕಾಲು ಊದೋದು ಸಹಜ ಅಂತ ಫೋನಲ್ಲಿ ಓದಿದ್ಳು. ಓದಿದ್ದು ತಪ್ಪೇನಲ್ಲ, ಎಷ್ಟೋ ಜನರಿಗೆ ಸಂಜೆ ಹೊತ್ತಿಗೆ ಪಾದ ಊದ್ತದೆ. ಆದ್ರೆ ಇವಳಿಗೆ ಮುಖವೂ ಊದಿತ್ತು, ಬಳೆ ಬಿಗಿಯಾಗಿತ್ತು, ತಲೆನೋವು ಬೇರೆ. ಅದನ್ನ ಅವಳು ಫೋನಿಗೆ ಕೇಳಿರಲಿಲ್ಲ, ಒಂದಕ್ಕೊಂದು ಸಂಬಂಧ ಇದೆ ಅಂತ ಗೊತ್ತಿದ್ರೆ ತಾನೇ ಕೇಳೋದು? ಬಳೆ ನೋಡಿ ನನಗೆ ಅನುಮಾನ ಬಂತು. ಬಿಪಿ ನೋಡಿದ್ರೆ 160ರ ಮೇಲೆ. ಅವತ್ತೇ ಗಾಡಿ ಮಾಡಿ ಕಳಿಸಿದ್ವಿ. ತಾಯಿ, ಮಗು ಇಬ್ಬರೂ ಉಳಿದ್ರು.

ಕುಮಟಾ_ಹೆರಿಗೆ_ಡಾಕ್ಟ್ರು
ಸಿಸ್ಟರ್ ಮಾತಿಗೆ ಸ್ವಲ್ಪ ಸೇರಿಸ್ತೇನೆ. ಬಸುರಿಯಲ್ಲಿ ಬಿಪಿ 140/90 ಮುಟ್ಟಿದ್ರೆ ತಡ ಮಾಡಬಾರದು. ಬಿಟ್ಟೂಬಿಡದ ತಲೆನೋವು, ಕಣ್ಣು ಮಂಜಾಗೋದು, ಮುಖ ಮತ್ತು ಕೈ ಊದೋದು, ಎದೆಗೂಡಿನ ಕೆಳಗೆ ನೋವು, ರಕ್ತ ಹೋಗೋದು, ನೀರು ಒಡೆಯೋದು, ಜ್ವರ, ಮಗುವಿನ ಓಡಾಟ ಕಮ್ಮಿಯಾಗೋದು. ಇದರಲ್ಲಿ ಯಾವುದು ಬಂದ್ರೂ ಫೋನಲ್ಲಿ ಹುಡುಕೋದು ಬೇಡ, ಹೊರಡಿ.

ಗುಳಿಗೆ ವಿಷಯ. ಸರ್ಕಾರ ಕೊಡೋ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕಮ್ಮಿ ಅಂದ್ರೂ 180 ದಿನ. ಹೆರಿಗೆ ಆದ ಮೇಲೆ ಮತ್ತೆ 180 ದಿನ. ವಾಕರಿಕೆ ಬಂದ್ರೆ ರಾತ್ರಿ ಊಟದ ನಂತರ ತಗೊಳ್ಳಿ. ಚಹಾದ ಜೊತೆ ಬೇಡ, ಚಹಾ ಕಬ್ಬಿಣವನ್ನು ಮೈಗೆ ಹತ್ತೋಕೆ ಬಿಡೋದಿಲ್ಲ. ಕ್ಯಾಲ್ಸಿಯಂ ಗುಳಿಗೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಲಿಂಬೆ ಹಿಂಡಿದ ನೀರು ಜೊತೆಗಿದ್ರೆ ಒಳ್ಳೇದು.

ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ರೆ ರಕ್ತ ಕಮ್ಮಿ ಅಂತ ಲೆಕ್ಕ. 7ಕ್ಕಿಂತ ಕೆಳಗೆ ಹೋದ್ರೆ ಗುಳಿಗೆಯಿಂದ ಆಗೋ ಕೆಲಸ ಅಲ್ಲ, ಆಸ್ಪತ್ರೆಗೇ ಬರಬೇಕು. ಹೆರಿಗೆ ಹೊತ್ತಲ್ಲಿ ರಕ್ತ ಹೋದ್ರೆ ಮೊದಲೇ ಕಮ್ಮಿ ಇದ್ದವರ ಜೀವ ತಡೆಯೋದಿಲ್ಲ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರೋದು, ಗುಳಿಗೆಯಿಂದಲ್ಲ.

ಬಂಗಡೆ_ಬಾಬು
ಹಾಗಾದ್ರೆ ಕೇಸರಿ ಹಾಲು? ನಮ್ಮತ್ತೆ ದಿನಾ ಕುಡಿಸಿದ್ರು. ಮಗ ನನ್ನ ಹಾಗೇ ಹುಟ್ಟಿದ.

ಕುಮಟಾ_ಹೆರಿಗೆ_ಡಾಕ್ಟ್ರು
ಹಾಲು ಕುಡಿದ ಲಾಭ ಸಿಕ್ತಲ್ಲ. ಕೇಸರಿ ದುಡ್ಡು ಹೋಯ್ತು.

ಹಳೆಬೇರು
ನಾನು ಸಿದ್ದಾಪುರದವನು, ವಯಸ್ಸಾದವನು. ನಮ್ಮ ತಾಯಂದಿರು ಫೋನೂ ನೋಡಲಿಲ್ಲ, ಗುಳಿಗೆಯನ್ನೂ ನುಂಗಲಿಲ್ಲ. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ಹೇಳ್ತಿದ್ದಳು, ಹಾಗೇ ಆಗ್ತಿತ್ತು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸುಮ್ಮನೆ ಕೊಟ್ಟರೇ? ಹದಿನೈದು ಸಾವಿರ ಹೆರಿಗೆ ಮಾಡಿಸಿದ ಕೈ ಅದು. ಆ ಜ್ಞಾನ ಬಿಟ್ಟು ಈಗ ಗಾಜಿನ ತುಂಡಿನಲ್ಲಿ ಹುಡುಕುತ್ತಿದ್ದೇವೆ.

ಅಂಕೋಲಾ_ಗೌಡ್ತಿ
ಅಜ್ಜಾ, ನರಸಮ್ಮನವರ ಬಗ್ಗೆ ಎರಡು ಮಾತಿಲ್ಲ. ಆದ್ರೆ ಆಗ ಉಳಿಯದೇ ಹೋದವರ ಲೆಕ್ಕ ಯಾರು ಇಟ್ಟಿದಾರೆ? ನಮ್ಮಜ್ಜಿಗೆ ಹುಟ್ಟಿದ್ದು ಎಂಟು, ಉಳಿದಿದ್ದು ನಾಲ್ಕು. ಅಜ್ಜಿಯ ಅಕ್ಕ ಹೆರಿಗೆಯಲ್ಲೇ ಹೋದವಳು, ಅವಳ ಹೆಸರೂ ಈಗ ಮನೇಲಿ ಯಾರಿಗೂ ನೆನಪಿಲ್ಲ.

ಹಳೆಬೇರು
ಅದೂ ನಿಜವೇ. ಆದರೂ ಸೂಲಗಿತ್ತಿ ಮನೆಗೆ ಬರ್ತಿದ್ದಳು, ಎರಡು ದಿನ ಉಳೀತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡ್ತಿದ್ದಳು. ಈಗ ಯಾರು ಕೂತು ಮಾತಾಡ್ತಾರೆ ಎಂಬುದೇ ನನ್ನ ತಕರಾರು.

ಸಬ್‌ಸೆಂಟರ್_ಸಿಸ್ಟರ್
ಈ ಮಾತು ಮಾತ್ರ ಬಂಗಾರದಂಥದ್ದು ಹಿರಿಯರೇ. ತಪಾಸಣೆ ದಿನ ನಮ್ಮೆದುರು ಸಾಲು ನಿಂತಿರ್ತದೆ. ತೂಕ, ಬಿಪಿ, ರಕ್ತ, ಚುಚ್ಚುಮದ್ದು, ತಾಯಿ ಕಾರ್ಡಲ್ಲಿ ಬರೆಯೋದು, ಮತ್ತೆ ಅದನ್ನೇ ಫೋನಲ್ಲಿ ತುಂಬೋದು. ಬಾಯಿಬಿಟ್ಟು ಮಾತಾಡ್ಸೋಕೆ ಹೊತ್ತೇ ಇರೋದಿಲ್ಲ. ಅವರು ಕೇಳದೆ ಉಳಿದ ಪ್ರಶ್ನೆಯೇ ರಾತ್ರಿ ಫೋನಿಗೆ ಹೋಗೋದು.

ಆಶಾ_ದಾರಿ
ನಾನು ಹೊನ್ನಾವರ ತಾಲೂಕಿನ ಶರಾವತಿ ದಂಡೆಯ ಆಶಾ. ಇದನ್ನೆಲ್ಲ ಓದಿ ಸುಮ್ಮನಿರೋಕೆ ಆಗ್ಲಿಲ್ಲ.

ನನ್ನ ವಾಟ್ಸಾಪ್ ಗುಂಪಲ್ಲಿ ಬಸುರಿಯರು, ಬಾಣಂತಿಯರು ಇದಾರೆ. ಹೆಸರಿಗೆ ಅವರು. ನಂಬರ್ ಎಷ್ಟೋ ಗಂಡಂದಿರದ್ದು, ಮೈದುನಂದು. ಗುಂಪಲ್ಲಿ ಯಾರೂ ಏನೂ ಕೇಳೋದಿಲ್ಲ, "ಗುಡ್ ಮಾರ್ನಿಂಗ್" ಗುಲಾಬಿ ಹೂವು ಮಾತ್ರ ಬರ್ತದೆ. ಮಧ್ಯಾಹ್ನ ಗಂಡಸರು ತೋಟಕ್ಕೆ, ದೋಣಿಗೆ ಹೋದ ಮೇಲೆ ನನಗೊಬ್ಬಳಿಗೇ ವಾಯ್ಸ್ ಬರ್ತದೆ. ಪಿಸುಮಾತಲ್ಲಿ. ಹಿಂದೆ ಕೋಳಿ ಕೂಗ್ತಿರ್ತದೆ, ಮಧ್ಯದಲ್ಲಿ ಅತ್ತೆ ಬಂದ್ರೆ ಮಾತು ಅರ್ಧಕ್ಕೇ ನಿಲ್ತದೆ. ಆ ಅರ್ಧವನ್ನ ನಾನು ಮರುದಿನ ನಡ್ಕೊಂಡು ಹೋಗಿ ಪೂರ್ತಿ ಮಾಡ್ಕೊಂಡು ಬರ್ಬೇಕು.

ಅವರು ಕೇಳೋದು ಏನು ಗೊತ್ತಾ? ಪರಂಗಿ ಹಣ್ಣು ತಿಂದೆ, ಏನಾದ್ರೂ ಆಗ್ತದಾ. ಗ್ರಹಣದ ದಿನ ಹೊರಗೆ ಬಂದೆ. ಎಡಕ್ಕೆ ಮಲಗಿದ್ರೆ ಮಗು ಒಂದು ಕಡೆ ಆಗ್ತದಾ. ಸ್ಕ್ಯಾನಿಂಗ್ ಮಾಡಿದ್ರೆ ಮಗುವಿಗೆ ಕರೆಂಟ್ ತಾಗ್ತದಾ. ಗಂಡ ಹತ್ರ ಬರಬಹುದಾ. ಇದರಲ್ಲಿ ದಡ್ಡ ಪ್ರಶ್ನೆ ಒಂದೂ ಇಲ್ಲ.

ತಪ್ಪು ವಿಡಿಯೋ ನೋಡಿದ್ದಾಳೆ ಅಂತ ಗೊತ್ತಾದ್ರೆ ನಾನು ಬೈಯೋದಿಲ್ಲ. ಬೈದ್ರೆ ಮುಂದಿನ ಸಲ ನೋಡಿದ್ದನ್ನ ಹೇಳೋದೇ ಇಲ್ಲ. "ತೋರ್ಸು ನೋಡ್ವ" ಅಂತ ಪಕ್ಕದಲ್ಲಿ ಕೂತು ಇಡೀ ವಿಡಿಯೋ ನೋಡ್ತೇನೆ. ಕೊನೆಗೆ ಯಾವುದೋ ಪುಡಿಯ ಡಬ್ಬಿ ಬರ್ತದೆ, ಬೆಲೆ ಬರ್ತದೆ. "ಗುಳಿಗೆ ಬೇಡ ಅಂದಿದ್ದು ಯಾಕೆ ಅಂತ ಈಗ ತಿಳೀತಾ?" ಅಂತ ಕೇಳ್ತೇನೆ. ಹೆಚ್ಚಿನವರು ನಕ್ಕುಬಿಡ್ತಾರೆ.

ಕಾಳಿ_ಕಣಿವೆ ಅಕ್ಕಾ, ನಿಮ್ಮ ತಮ್ಮನ ಹೆಂಡ್ತಿ ಜೊತೆ ನೀವೂ ಹಾಗೇ ಕೂತು ನೋಡಿ. ಸಾಧ್ಯ ಆದ್ರೆ ನಿಮ್ಮಮ್ಮನನ್ನೂ ಕೂರಿಸಿ.

ಕಾಳಿ_ಕಣಿವೆ
ಅಮ್ಮನನ್ನ ಕೂರಿಸೋದು ಒಳ್ಳೇ ಉಪಾಯ. ಅವಳಿಗೆ ಯಾರೇ ದುಡ್ಡು ಕೇಳಿದ್ರೂ ಅನುಮಾನ.

ಹಳಿಯಾಳ_ರೋಡ್
ಆಶಾ ಅಕ್ಕಾರ, ಇಷ್ಟೆಲ್ಲಾ ಮಾಡ್ತೀರಿ, ಫೋನ್ ರೀಚಾರ್ಜ್ ಯಾರ್ ಕೊಡ್ತಾರ್ರೀ?

ಆಶಾ_ದಾರಿ
ಹೆಚ್ಚಿನ ತಿಂಗಳು ನನ್ನ ಕೈಯಿಂದಾನೇ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಆಶಾಗಳೆಲ್ಲ ಧರಣಿ ಕೂತು ಚಳಿಯಲ್ಲಿ ಮಲಗಿದ್ದು ಯಾಕೆ ಅಂದ್ಕೊಂಡ್ರಿ? ತಿಂಗಳಿಗೆ ಹತ್ತು ಸಾವಿರ ಕೊಡ್ತೇವೆ ಅಂತ ಮಾತು ಕೊಟ್ಟ ಮೇಲೇ ಎದ್ದಿದ್ದು. ಆ ಕಥೆ ಇಲ್ಲಿ ಬೇಡ, ಶುರು ಮಾಡಿದ್ರೆ ಮುಗಿಯೋದಿಲ್ಲ.

ಸಿದ್ದಿ_ಸ್ಟೇರಿಂಗ್
ನಾನು ಯಲ್ಲಾಪುರ ಕಡೆ ಸಿದ್ದಿ ಹುಡುಗ, ಗಾಡಿ ಓಡಸ್ತೀನಿ. ಎಲ್ಲಾ ಮಾಹಿತಿ ಮಾಹಿತಿ ಅಂತೀರಿ. ನಮ್ಮ ಕಡೆ ಹೆಂಗಸರಿಗೆ ಮಾಹಿತಿ ಗೊತ್ತೈತಿ. ನೋವು ಬಂದ್ರ 108ಕ್ಕ ಫೋನ್ ಮಾಡಬೇಕು ಅನ್ನೋದು ಸಣ್ಣ ಹುಡುಗರಿಗೂ ಗೊತ್ತು. ಫೋನ್ ಮಾಡಾಕ ಎಲ್ಲಿ ಹೋಗಬೇಕು? ಮಳೆಗಾಲದಾಗ ಕರೆಂಟ್ ಹೋಯ್ತು ಅಂದ್ರ ಟವರೂ ಸತ್ತಹಂಗ. ಗಾಡಿ ರೋಡ್ ಮಟ ಬರ್ತೈತಿ, ಮನಿ ಮಟ ಬರಂಗಿಲ್ಲ. ಕಂಬಳಿ ಜೋಲಿ ಮಾಡಿ ಹಳ್ಳ ದಾಟಿಸಿದ್ದು ನಾನs ನೋಡೀನಿ.

ದೊಡ್ಡ ತ್ರಾಸ ಬಂದ್ರ ಹುಬ್ಬಳ್ಳಿ, ಇಲ್ಲಾಂದ್ರ ಮಣಿಪಾಲ. ಕಾರವಾರದವರು ಗೋವಾ. ಅದಕ್ಕs 2022ರಾಗ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆ ಮಂದಿ ಎಲ್ಲಾ ಫೋನಿನಾಗ ಗದ್ದಲ ಎಬ್ಬಿಸಿದ್ರಲ್ಲ, ಶಿರೂರಿನಾಗ ಗುಡ್ಡ ಬಿದ್ದಾಗ.

ಭಟ್ಕಳ_ಬೀಡು
ಒಂದು ತಿದ್ದುಪಡಿ ಅಣ್ಣಾ. ಶಿರೂರು ಎರಡು. ಆಸ್ಪತ್ರೆ ಬೇಕು ಅಂತ ಕೂಗು ಜೋರಾಗಿದ್ದು 2022ರ ಜುಲೈಯಲ್ಲಿ, ಹೊನ್ನಾವರದಿಂದ ರೋಗಿಯನ್ನ ಕರ್ಕೊಂಡು ಹೊರಟ ಆಂಬುಲೆನ್ಸ್ ಬೈಂದೂರು ಕಡೆಯ ಶಿರೂರು ಟೋಲ್‌ಗೇಟ್ ಹತ್ರ ಪಲ್ಟಿಯಾದ ಮೇಲೆ. ಗುಡ್ಡ ಕುಸಿದಿದ್ದು ಅಂಕೋಲಾದ ಶಿರೂರಲ್ಲಿ, 2024ರ ಜುಲೈ 16ಕ್ಕೆ.

ಸಿದ್ದಿ_ಸ್ಟೇರಿಂಗ್
ಹೌದ್ ಹೌದು, ಎರಡೂ ಜುಲೈ ನೋಡ್ರಿ, ಕಲಸಿಹೋಗ್ತಾವ. ಗುಡ್ಡ ಬಿದ್ದಾಗ ಹೆದ್ದಾರಿ ಬಂದ್ ಆಗಿ ಬಸುರಿಯರನ್ನ ಸುತ್ತು ಹಾಕಿ ಒಯ್ಯಬೇಕಾತು.

ಕುಮಟಾ_ಹೆರಿಗೆ_ಡಾಕ್ಟ್ರು
ಸ್ಟೇರಿಂಗ್ ಅಣ್ಣ ಹೇಳೋದು ಪೂರಾ ಸರಿ. ಅದಕ್ಕೇ ಒಳಗಿನ ಹಳ್ಳಿಯವರಿಗೆ ನಾನು ಹೇಳೋದು: ಮಳೆಗಾಲದಲ್ಲಿ ದಿನ ತುಂಬೋದಿದ್ರೆ ಒಂದೆರಡು ವಾರ ಮೊದಲೇ ಆಸ್ಪತ್ರೆ ಹತ್ರ ಇರೋ ನೆಂಟರ ಮನೆಗೆ ಬಂದು ಉಳೀರಿ. ಯಾರ ಗಾಡಿ, ಯಾವ ಆಸ್ಪತ್ರೆ, ರಕ್ತ ಬೇಕಾದ್ರೆ ಯಾರು ಕೊಡೋದು, ಇದನ್ನ ಏಳನೇ ತಿಂಗಳಲ್ಲೇ ಮನೆಯವರು ಕೂತು ಮಾತಾಡಿಡಬೇಕು.

ಸಿದ್ದಿ_ಸ್ಟೇರಿಂಗ್
ನೆಂಟರು ಪ್ಯಾಟ್ಯಾಗ ಇರಬೇಕಲ್ರೀ ಡಾಕ್ಟ್ರ.

ಕಡಲ_ಕೂಸು
ನಾನು ಕಾರವಾರ ಬಂದರಿನ ಹತ್ರದವಳು, ಮೀನುಗಾರರ ಮನೆ. ಇಲ್ಲಿ ಎಲ್ಲರೂ ಫೋನನ್ನೇ ಬೈಯ್ತಿದಾರೆ, ಅದಕ್ಕೆ ಬರೀತಿದೇನೆ.

ನನಗೆ ದಿನ ತುಂಬ್ತಾ ಬಂದಾಗ ಗಂಡ ಬೋಟಲ್ಲಿ ಆಚೆ ಇದ್ರು, ಹೋದ್ರೆ ಎಷ್ಟೋ ದಿನ ಬರೋದಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಒಬ್ಬರು ಕನ್ನಡದಲ್ಲಿ ವಿಡಿಯೋ ಮಾಡ್ತಾರೆ, ಮಗುವಿನ ಓಡಾಟದ ಮೇಲೆ ಕಣ್ಣಿಡಿ ಅಂತ ಅದರಲ್ಲಿ ಕೇಳಿದ್ದೆ. ಒಂದು ದಿನ ಬೆಳಿಗ್ಗೆಯಿಂದ ಓಡಾಟ ಮಂದ ಅನ್ನಿಸ್ತು. ಅತ್ತೆ "ಮಲಗಿದೆ ಬಿಡು, ಹೆರಿಗೆ ಹತ್ರ ಬಂದಾಗ ಹಾಗೇ" ಅಂದ್ರು. ನಾನು ಉಂಡು, ಎಡಕ್ಕೆ ಮಲಗಿ ನೋಡಿದೆ. ಆಗಲೂ ಕಮ್ಮಿ. ಅತ್ತೆಗೆ ಆ ವಿಡಿಯೋನೇ ಹಾಕಿ ತೋರ್ಸಿದೆ. ಬಾಯಲ್ಲಿ ಹೇಳಿದ್ರೆ ನಂಬದವರು ಬಿಳಿ ಕೋಟು ಕಂಡ ಮೇಲೆ ಎದ್ರು. ಆಟೋದಲ್ಲಿ ಹೋದ್ವಿ, ಸಂಜೆಗೆ ಆಪರೇಷನ್ ಆಯ್ತು. ಮಗಳು ಈಗ ಅಂಗನವಾಡಿಗೆ ಹೋಗ್ತಾಳೆ.

ಹಾಗಾಗಿ ಫೋನ್ ಕೆಟ್ಟದ್ದು ಅಂತ ನಾನು ಒಪ್ಪೋದಿಲ್ಲ. ಮನೇಲಿ ನನ್ನ ಮಾತಿಗೆ ಬೆಲೆ ಇಲ್ಲದಾಗ ನನ್ನ ಪರ ಮಾತಾಡಿದ್ದು ಅದೇ.

ಕುಮಟಾ_ಹೆರಿಗೆ_ಡಾಕ್ಟ್ರು
ನೀವು ಮಾಡಿದ್ದು ನೂರಕ್ಕೆ ನೂರು ಸರಿ. "ಹೆರಿಗೆ ಹತ್ರ ಬಂದಾಗ ಮಗು ಸುಮ್ಮನಾಗ್ತದೆ" ಅನ್ನೋದು ದೊಡ್ಡ ತಪ್ಪು ನಂಬಿಕೆ. ಒದೆಯೋ ರೀತಿ ಬದಲಾಗಬಹುದು, ಓಡಾಟ ಕಮ್ಮಿ ಆಗಬಾರದು.

ಭಟ್ಕಳ_ಬೀಡು
ನಮ್ಮಲ್ಲಿ ಕಥೆ ಬೇರೆ. ಗಂಡಸರು ದುಬೈ, ಸೌದಿಯಲ್ಲಿ. ಫೋನು ಒಳ್ಳೇದೇ ಇದೆ, ನೆಟ್‌ವರ್ಕೂ ಇದೆ. ಆದ್ರೆ ಖಾತೆ ಗಂಡಂದು, ಅವರೇ ಅಲ್ಲಿಂದ ಹಾಕಿಕೊಟ್ಟು ಕಳಿಸಿದ್ದು. ಇಲ್ಲಿ ಹುಡುಕಿದ್ದು ಅಲ್ಲಿ ಕಾಣ್ತದೆ. ನಮ್ಮ ಪಕ್ಕದ ಮನೆಯವಳು ಏನೋ ಹುಡುಕಿದ್ದಕ್ಕೆ ಅಲ್ಲಿಂದ ಫೋನ್ ಬಂತು: "ಇದನ್ನೆಲ್ಲ ಯಾಕೆ ನೋಡ್ತಿದ್ದೀ?" ಅವತ್ತಿಂದ ಅವಳು ನನ್ನ ಫೋನಲ್ಲಿ ನೋಡ್ತಾಳೆ. ಈಗ ನನ್ನ ಫೋನ್ ತುಂಬ ಮಕ್ಕಳ ಡೈಪರ್ ಜಾಹೀರಾತು, ನನ್ನ ಅತ್ತೆಗೆ ನನ್ನ ಮೇಲೇ ಅನುಮಾನ.

ಹೆಗಡೆ_ಮನೆ_ಮಾಣಿ
ಇದಕ್ಕೆ ಸುಲಭ ದಾರಿ ಇದೆ. ಬ್ರೌಸರಿನಲ್ಲಿ ಗುಪ್ತ ಕಿಟಕಿ (ಇನ್‌ಕಾಗ್ನಿಟೋ) ತೆರೆದು ಹುಡುಕಿ, ಮುಚ್ಚಿದ ಮೇಲೆ ಆ ಫೋನಿನ ಇತಿಹಾಸದಲ್ಲಿ ಉಳಿಯೋದಿಲ್ಲ. ಅಥವಾ ಬೇರೆ ಖಾತೆ ಮಾಡ್ಕೊಳ್ಳಿ.

ಭಟ್ಕಳ_ಬೀಡು
ಥ್ಯಾಂಕ್ಸ್ ಮಾಣಿ, ಇದೊಂದು ಉಪಯೋಗಕ್ಕೆ ಬರೋ ಮಾತು ಹೇಳಿದ್ರಿ ನೋಡಿ.

ಹೆಸರು_ಬೇಡ
ಇಲ್ಲಿ ಕೇಳಬಹುದೋ ಇಲ್ಲವೋ. ನನ್ನ ಗೆಳತಿಗೆ ಮೊದಲ ಮಗುವಿಗೆ ಇನ್ನೂ ವರ್ಷ ಆಗಿಲ್ಲ, ಮತ್ತೆ ನಿಂತಿದೆ. ಮುಂದುವರಿಸೋಕೆ ಇಷ್ಟ ಇಲ್ಲ. ಆನ್‌ಲೈನಲ್ಲಿ ಗುಳಿಗೆ ತರಿಸಬಹುದು ಅಂತ ಒಂದು ಕಡೆ ನಂಬರ್ ಕೊಟ್ಟಿದಾರೆ. ಊರಲ್ಲಿ ಗೊತ್ತಾಗೋದು ಬೇಡ ಅಂತ ಅವಳ ಯೋಚನೆ.

ಕುಮಟಾ_ಹೆರಿಗೆ_ಡಾಕ್ಟ್ರು
ಕೇಳಿದ್ದು ಒಳ್ಳೇದಾಯ್ತು. ದಯವಿಟ್ಟು ಆ ನಂಬರಿಗೆ ಫೋನ್ ಮಾಡೋದು ಬೇಡ. ಗುಳಿಗೆ ನುಂಗೋ ಮೊದಲು ಗರ್ಭ ಎಲ್ಲಿದೆ, ಎಷ್ಟು ವಾರದ್ದು ಅಂತ ನೋಡಲೇಬೇಕು. ಗರ್ಭ ನಾಳದಲ್ಲಿ ನಿಂತಿದ್ರೆ ಈ ಗುಳಿಗೆ ಕೆಲಸ ಮಾಡೋದಿಲ್ಲ, ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಹೋಗ್ತದೆ. ಗುಳಿಗೆಯಿಂದ ಮಾಡೋದು ಒಂಬತ್ತು ವಾರದ ಒಳಗೆ, ಡಾಕ್ಟರ ಕಣ್ಣಳತೆಯಲ್ಲಿ.

ಕಾನೂನು ಅವಳ ಪರ ಇದೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಗಿದೆ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 18 ತುಂಬಿದ ಹೆಂಗಸಿಗೆ ಅವಳ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಬೇಕು ಅಂತ ಕಾನೂನು ಹೇಳೋದಿಲ್ಲ. ಹೆಸರು ಹೊರಗೆ ಬಿಡೋದು ಅಪರಾಧ. ಪಕ್ಕದ ತಾಲೂಕಿನ ಸರ್ಕಾರಿ ಆಸ್ಪತ್ರೆಗೆ ಹೋಗಲಿ, ತಡ ಮಾಡದೆ.

ಹೆಸರು_ಬೇಡ
ಗಂಡನ ಸಹಿ ಬೇಡ ಅನ್ನೋದು ಗೊತ್ತೇ ಇರ್ಲಿಲ್ಲ. ಹೇಳ್ತೇನೆ ಅವಳಿಗೆ.

ಹೊಸ_ಅಪ್ಪ_ಮುಂಡಗೋಡ
ಎಲ್ಲರೂ ಡಾಕ್ಟ್ರ ಹತ್ರ ಕೇಳ್ತಿದೀರಿ, ನಂದೂ ಒಂದು ಐತ್ರಿ. ಹೊಟ್ಟಿ ಮುಂದಕ್ಕ ಬಂದ್ರ ಗಂಡು, ಅಗಲ ಆದ್ರ ಹೆಣ್ಣು ಅಂತ ಒಂದು ರೀಲ್ಸಿನಾಗ ನೋಡಿದ್ವಿ. ಖರೇ ಏನ್ರಿ?

ನಿರ್ವಾಹಕ
ಇಲ್ಲಿ ಗಂಡೋ ಹೆಣ್ಣೋ ಚರ್ಚೆ ಬೇಡ. ಭ್ರೂಣಲಿಂಗ ಪತ್ತೆ 1994ರ ಕಾಯ್ದೆಯ ಪ್ರಕಾರ ಅಪರಾಧ, ಜಾಹೀರಾತು ಕೊಡೋದೂ ಅಪರಾಧ. ಹುಡುಕು ತಾಣಗಳಲ್ಲಿ ಅಂಥ ಜಾಹೀರಾತು ತೆಗೆಸೋ ವಿಷಯ 2017ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಯಾರಾದ್ರೂ ಕೊಂಡಿ ಹಾಕಿದ್ರೆ ಖಾತೆ ಮುಚ್ಚಲಾಗುವುದು.

ಆಶಾ_ದಾರಿ
ಖರೆ ಅಲ್ಲ ಅಣ್ಣಾ. ಹೊಟ್ಟೆ ಆಕಾರ ತಾಯಿಯ ಮೈಕಟ್ಟಿನ ಮೇಲೆ, ಎಷ್ಟನೇ ಬಸುರಿ ಅನ್ನೋದರ ಮೇಲೆ ಇರೋದು. ನಿಮ್ಮವರಿಗೆ ರಕ್ತ ಎಷ್ಟಿದೆ, ಗೊತ್ತಾ?

ಹೊಸ_ಅಪ್ಪ_ಮುಂಡಗೋಡ
ಇಲ್ರಿ ಅಕ್ಕಾರ. ಕಾರ್ಡಿನಾಗ ಬರದಿರ್ತಾರ, ನೋಡಿ ಹೇಳ್ತೀನಿ.

ಆಶಾ_ದಾರಿ
ನೋಡಿ, ಹೊಟ್ಟೆ ಆಕಾರ ಗೊತ್ತು, ರಕ್ತ ಗೊತ್ತಿಲ್ಲ!

ಕಡಲ_ಕೂಸು
ಡಾಕ್ಟ್ರೇ, ಮೀನಿನ ವಿಷಯ ಹೇಳಿ. ಬಸುರಿಯರು ಮೀನು ತಿಂದ್ರೆ ಪಾದರಸ ಹೊಟ್ಟೆಗೆ ಹೋಗ್ತದೆ ಅಂತ ವಿಡಿಯೋ ಬಂದು ನಮ್ಮ ಕೇರಿಯ ಒಬ್ಬಳು ಮೀನೇ ಬಿಟ್ಟಿದಾಳೆ. ಮೀನು ಬಿಟ್ಟರೆ ನಮ್ಮ ಮನೆಗಳಲ್ಲಿ ತಿನ್ನೋದು ಏನು?

ಕುಮಟಾ_ಹೆರಿಗೆ_ಡಾಕ್ಟ್ರು
ಸಣ್ಣ ಮೀನು ತಿನ್ನಬೇಕು, ಬಿಡಬಾರದು. ಬಂಗಡೆ, ತಾರ್ಲೆಯಲ್ಲಿ ಮಗುವಿನ ಮೆದುಳಿಗೆ ಬೇಕಾದ ಕೊಬ್ಬಿನಂಶ ಇದೆ. ಪಾದರಸ ಜಾಸ್ತಿ ಸೇರೋದು ಬಹಳ ವರ್ಷ ಬದುಕಿ ಬೇರೆ ಮೀನು ತಿಂದು ಬೆಳೆಯೋ ದೊಡ್ಡ ಮೀನಲ್ಲಿ. ಅಂದ್ರೆ ಮೋರಿ (ಶಾರ್ಕ್) ಥರದ್ದು. ಅದನ್ನ ಬಸುರಿಯಲ್ಲೂ ಬಾಣಂತನದಲ್ಲೂ ದೂರ ಇಡಿ. ಬಿಪಿ ಇದ್ದವರು ಒಣಮೀನಿನ ಉಪ್ಪಿನ ಮೇಲೆ ಕಣ್ಣಿಡಿ.

ಬಂಗಡೆ_ಬಾಬು
ಅಯ್ಯೋ ಡಾಕ್ಟ್ರೇ! ಬಾಣಂತಿಗೆ ಹಾಲು ಬರಲಿ ಅಂತ ಮೋರಿ ಸಾರು ಮಾಡೋದೇ ನಮ್ಮ ಕಡೆ ಪದ್ಧತಿ. ಅಜ್ಜಿಯಂದಿರು ಕೇಳಿದ್ರೆ ನಿಮ್ಮ ದವಾಖಾನೆ ಎದುರು ಧರಣಿ ಕೂರ್ತಾರೆ.

ಕುಮಟಾ_ಹೆರಿಗೆ_ಡಾಕ್ಟ್ರು
ಕೂರಲಿ, ಬಂಗಡೆ ಸಾರು ಕೊಟ್ಟು ಎಬ್ಬಿಸ್ತೇನೆ. ಹಾಲು ಬರೋದು ಮಗು ಪದೇ ಪದೇ ಚೀಪೋದರಿಂದ.

ಹಳೆಬೇರು
ನಾವು ಸಸ್ಯಾಹಾರಿಗಳ ಕಥೆಯೇನು? ಬಸಳೆ, ಹರಿವೆ, ನುಗ್ಗೆ ಸೊಪ್ಪು ಸಾಲದೇ?

ಸಬ್‌ಸೆಂಟರ್_ಸಿಸ್ಟರ್
ಸೊಪ್ಪು ತಿನ್ನಿ, ಬೇಳೆ ತಿನ್ನಿ, ಗುಳಿಗೆಯನ್ನೂ ತಿನ್ನಿ. ಬಸುರಿಗೆ ಬೇಕಾದಷ್ಟು ಕಬ್ಬಿಣ ಸೊಪ್ಪೊಂದರಿಂದಲೇ ಬರೋದಿಲ್ಲ ಹಿರಿಯರೇ.

ಅಂಕೋಲಾ_ಗೌಡ್ತಿ
ಮೂಲ ಪ್ರಶ್ನೆಗೆ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಕನ್ನಡದಲ್ಲಿ ಎಲ್ಲಿ ಕೇಳೋದು?

ಆಶಾ_ದಾರಿ
ನನಗೆ ಗೊತ್ತಿದ್ದು ಹೇಳ್ತೇನೆ. 104 ಆರೋಗ್ಯವಾಣಿ ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಮಾಮೂಲಿ ಬಟನ್ ಫೋನಿಂದಲೂ ಆಗ್ತದೆ, ಡೇಟಾ ಬೇಡ. ಉಪಕೇಂದ್ರಗಳಲ್ಲಿ ಇ-ಸಂಜೀವಿನಿ ಮೂಲಕ ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಡಿಸ್ತಾರೆ. ಅದರಲ್ಲಿ ಒಳ್ಳೇದೇನು ಅಂದ್ರೆ ಬಿಪಿ ನೋಡೋರು ಪಕ್ಕದಲ್ಲೇ ಇರ್ತಾರೆ. ಮತ್ತೆ ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಡಾಕ್ಟರೇ ಪುಕ್ಕಟೆ ತಪಾಸಣೆ ಮಾಡ್ತಾರೆ, 2016ರಿಂದ ನಡೀತಿದೆ. ನಾಲ್ಕು ತಿಂಗಳು ದಾಟಿದವರು ಅವತ್ತೇ ಹೋಗೋದು ಒಳ್ಳೇದು.

ಇನ್ನು ವಿಡಿಯೋ ನೋಡೋದೇ ಆದ್ರೆ ಹೇಳೋರು ಯಾರು, ಯಾವ ಆಸ್ಪತ್ರೆಯವರು ಅಂತ ಮೊದಲು ನೋಡಿ. ಕೊನೆಗೆ ಏನಾದ್ರೂ ಮಾರೋಕೆ ಬಂದ್ರೆ ಅಲ್ಲೇ ಬಿಡಿ.

ಭಟ್ಕಳ_ಬೀಡು
ಹೆರಿಗೆ ಆದ ಮೇಲೆ ಸುಮ್ಮ ಸುಮ್ಮನೆ ಅಳು ಬರೋದು, ಮಗು ಬೇಡ ಅನ್ನಿಸೋದು ಇದೆಯಲ್ಲ, ಅದನ್ನೂ ತುಂಬ ಜನ ಫೋನಲ್ಲೇ ಹುಡುಕ್ತಾರೆ. ಯಾರಿಗೂ ಹೇಳೋದಿಲ್ಲ, "ಸೋಕಿದೆ" ಅಂತ ತಾಯತ ಕಟ್ಟಿಸ್ತಾರೆ. ಅದಕ್ಕೆ 14416, ಟೆಲಿಮಾನಸ್ ಅಂತ ಮನಸ್ಸಿನ ತೊಂದರೆಗೆ ಇರೋ ಸಹಾಯವಾಣಿ. ಕನ್ನಡದಲ್ಲಿ ಮಾತಾಡ್ತಾರೆ. ನಾನು ಮಾತಾಡಿದೇನೆ.

ಕಡಲ_ಕೂಸು
ಬರ್ದಿದ್ದು ಒಳ್ಳೇದಾಯ್ತು ಅಕ್ಕ. ನಂಬರ್ ಬರ್ಕೊಂಡೆ.

ಕಾಳಿ_ಕಣಿವೆ
ಎಲ್ಲರಿಗೂ ದೊಡ್ಡ ನಮಸ್ಕಾರ. ಇವತ್ತು ಊರಿಗೆ ಹೋಗಿದ್ದೆ. ಸಿಸ್ಟರ್ ಹೇಳಿದ ಹಾಗೆ ಮೊದಲು ಹೊಟ್ಟೆ ಕಟ್ಟೋದನ್ನೇ ಕೇಳಿದೆ. ಅಳೋದೊಂದು ಬಾಕಿ ಅವಳು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಚಹಾದ ಜೊತೆ ನುಂಗ್ತಿದ್ದಳಂತೆ, ವಾಂತಿ ಆಗ್ತಿತ್ತಂತೆ. ರಾತ್ರಿ ಊಟ ಆದ ಮೇಲೆ ತಗೋ ಅಂದಿದೇನೆ. ವಿಡಿಯೋನೂ ಜೊತೆಗೆ ಕೂತು ನೋಡಿದ್ವಿ, ಪುಡಿ ಡಬ್ಬಿಯ ಬೆಲೆ ನೋಡಿ ಅಮ್ಮ ಕೊಂಕಣಿಯಲ್ಲಿ ಬೈದಿದ್ದನ್ನ ಇಲ್ಲಿ ಬರೆಯೋಕಾಗೋದಿಲ್ಲ. 9ನೇ ತಾರೀಕು ನಾನೇ ಕರ್ಕೊಂಡು ಹೋಗ್ತೇನೆ. ಬೆಳಿಗ್ಗೆ ಬಸ್ಸು ಸಿಗೋದು ಕಷ್ಟ, ಯಾರದ್ದಾದ್ರೂ ಜೀಪು ಗೊತ್ತಿದ್ರೆ ಹೇಳಿ.

ಸಿದ್ದಿ_ಸ್ಟೇರಿಂಗ್
ಜೋಯಿಡಾದಾಗ ನನ್ನ ದೋಸ್ತ್ ಅದಾನ. ಊರ ಹೆಸರು ಒಳಗಡೆ ಮೆಸೇಜ್ ಹಾಕ್ರಿ ಅಕ್ಕಾ. ದಿಬ್ಬದ ಸೊಸೆಯಂದಿರು ಮತ್ತ ಯಾರರ ಬರೋದಿದ್ರ ಅವರನ್ನೂ ಕೇಳ್ರಿ, ಜೀಪಿನಾಗ ಜಾಗ ಐತಿ.

ನಿರ್ವಾಹಕ
ಮೋರಿ ಸಾರಿನ ಚರ್ಚೆ ಇನ್ನೂ ನಡೆಯುತ್ತಿರುವುದರಿಂದ ಅದನ್ನು ಅಡುಗೆ ವಿಭಾಗಕ್ಕೆ ವರ್ಗಾಯಿಸಲಾಗಿದೆ.

ಬಂಗಡೆ_ಬಾಬು
ಅನ್ಯಾಯ! ನಮ್ಮಜ್ಜಿ ಈಗಷ್ಟೇ ಖಾತೆ ತೆರೆದಿದ್ರು.